ಬಾವಿಯ ನೀರಿನಿಂದ ಜರ್ನಲ್‌ವರೆಗೆ: ಸಂಶೋಧನಾ ಲೇಖನ ಕಳುಹಿಸುವುದು ಹೇಗೆ?

ಮಹಾಪ್ರಬಂಧದ ಒಂದು ಅಧ್ಯಾಯವನ್ನು ಪ್ರಿಂಟ್ ತೆಗೆದು, ಸ್ಪೈರಲ್ ಬೈಂಡ್ ಮಾಡಿಸಿಕೊಂಡು ಬರುವ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ: ‘ಸರ್, ಇದನ್ನು ಯಾವ ಜರ್ನಲ್‌ಗೆ ಕಳುಹಿಸಲಿ?’ ನಾನು ತಿರುಗಿ ಕೇಳುವುದು: ‘ಇದರಲ್ಲಿ ನೀವು ಕಂಡುಕೊಂಡದ್ದೇನು? ಎರಡು ವಾಕ್ಯಗಳಲ್ಲಿ ಹೇಳಿ.’ ಹೆಚ್ಚಿನವರು ವಿಷಯವನ್ನು ಹೇಳುತ್ತಾರೆ, ಕಂಡುಕೊಂಡದ್ದನ್ನು ಹೇಳುವುದಿಲ್ಲ. ‘ಕರಾವಳಿಯ ಅಂತರ್ಜಲದಲ್ಲಿ ಉಪ್ಪು’ ಎನ್ನುವುದು ವಿಷಯ. ‘ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ ಮೇಲ್ಭಾಗದ ಬಾವಿಗಳಲ್ಲಿ ಏಪ್ರಿಲ್‌ವರೆಗೂ ಉಪ್ಪು ಏರಲಿಲ್ಲ, ಕೆಳಭಾಗದ ಬಾವಿಗಳಲ್ಲಿ ಏರಿತು’ ಎನ್ನುವುದು ಕಂಡುಕೊಂಡದ್ದು. ಜರ್ನಲ್‌ಗೆ, ಅಂದರೆ ಸಂಶೋಧನಾ ಪತ್ರಿಕೆಗೆ, ಬೇಕಾದದ್ದು ಈ ಎರಡನೆಯದು. ಅದು ಕೈಯಲ್ಲಿ ಇಲ್ಲದಿದ್ದರೆ ಮುಂದಿನ ಯಾವ ಹೆಜ್ಜೆಯೂ ಕೂಡಿಬರುವುದಿಲ್ಲ.

ಕಿಂಡಿ ಅಣೆಕಟ್ಟು ಎಂದರೆ ಹೊಳೆಗೆ ಅಡ್ಡಲಾಗಿ ಕಟ್ಟಿದ, ಕಿಂಡಿಗಳಿಗೆ ಹಲಗೆ ಹಾಕಿ ಸಿಹಿನೀರನ್ನು ನಿಲ್ಲಿಸಿ ಸಮುದ್ರದ ಉಪ್ಪುನೀರನ್ನು ತಡೆಯುವ ಗಿಡ್ಡ ಕಟ್ಟೆ. ಉಡುಪಿ ಕಡೆಯ ಹೊಳೆಯೊಂದರ ದಡದ ಬಾವಿಗಳ ಈ ಅಧ್ಯಯನ ಕಲ್ಪಿಸಿಕೊಂಡದ್ದು. ಅದರ ಫಲಿತಾಂಶವನ್ನು ನಿಜವೆಂದು ತೆಗೆದುಕೊಳ್ಳಬೇಡಿ. ಆದರೆ ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವುದನ್ನು ಬಲ್ಲ ಊರಿನವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು. ಲೇಖನದುದ್ದಕ್ಕೂ ಇದನ್ನೇ ಹಿಡಿದುಕೊಂಡು ಹೋಗೋಣ.

ಪೀರ್ ರಿವ್ಯೂ ಎಂದರೆ

ನೀವು ಕಳುಹಿಸಿದ ಲೇಖನವನ್ನು ಸಂಪಾದಕರು ಮೊದಲು ತಾವೇ ನೋಡುತ್ತಾರೆ. ತಕ್ಕದ್ದು ಎನಿಸಿದರೆ ಅದೇ ಕ್ಷೇತ್ರದಲ್ಲಿ ಕೆಲಸ ಮಾಡುವ ಇಬ್ಬರಿಗೋ ಮೂವರಿಗೋ ಕಳುಹಿಸುತ್ತಾರೆ. ಅವರೇ ರಿವ್ಯೂವರ್‌ಗಳು. ಸಾಮಾನ್ಯವಾಗಿ ಅವರಿಗೆ ಇದಕ್ಕೆ ಸಂಬಳವಿಲ್ಲ. ತಮ್ಮ ಪಾಠ, ಪ್ರಯೋಗಾಲಯದ ಕೆಲಸ ಮುಗಿಸಿ ರಾತ್ರಿ ಕುಳಿತು ಓದುವವರು. ಲೇಖಕರ ಹೆಸರು ಅವರಿಗೆ ಗೊತ್ತಿರುವ ಪದ್ಧತಿಯೂ ಇದೆ, ಎರಡೂ ಕಡೆಯ ಹೆಸರನ್ನು ಮುಚ್ಚಿಡುವ ಪದ್ಧತಿಯೂ ಇದೆ. ಲಂಡನ್ನಿನ ವಿಜ್ಞಾನ ಪತ್ರಿಕೆ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ ಆರಂಭವಾದದ್ದು 1665ರಲ್ಲಿ. ಆದರೆ ಪ್ರತಿ ಲೇಖನವನ್ನೂ ಹೊರಗಿನ ತಜ್ಞರಿಗೆ ತೋರಿಸುವುದು ಸಾರ್ವತ್ರಿಕ ರೂಢಿಯಾದದ್ದು ಇಪ್ಪತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ. ‘ನೇಚರ್’ ಪತ್ರಿಕೆಯೂ ಅದನ್ನು ಕಡ್ಡಾಯ ಕ್ರಮವಾಗಿ ತಂದದ್ದು 1973ರಲ್ಲಿ.

ಬರೆಯುವ ಮೊದಲೇ ಜರ್ನಲ್ ಆರಿಸಿ

ಬರೆದು ಮುಗಿಸಿ ಆಮೇಲೆ ಜರ್ನಲ್ ಹುಡುಕುವವರೇ ಹೆಚ್ಚು. ಇದು ತಿರುಗುಮುರುಗು. ಜಲವಿಜ್ಞಾನದ ಜರ್ನಲ್‌ನ ಓದುಗರಿಗೆ ಉಬ್ಬರವಿಳಿತವನ್ನು ವಿವರಿಸಬೇಕಾಗಿಲ್ಲ. ಗ್ರಾಮೀಣಾಭಿವೃದ್ಧಿಯ ಜರ್ನಲ್‌ನ ಓದುಗರಿಗೆ ವಿವರಿಸಬೇಕು. ಓದುಗರು ಯಾರೆಂದು ತಿಳಿಯದೆ ಮೊದಲ ಪ್ಯಾರಾವನ್ನೇ ಬರೆಯಲಾಗದು.

ಹುಡುಕುವ ಸುಲಭ ದಾರಿ ನಿಮ್ಮ ಆಕರಪಟ್ಟಿಯಲ್ಲೇ ಇದೆ. ನೀವು ಉಲ್ಲೇಖಿಸಿದ ಮೂವತ್ತು ನಲವತ್ತು ಲೇಖನಗಳಲ್ಲಿ ಯಾವ ಜರ್ನಲ್‌ಗಳ ಹೆಸರು ಮತ್ತೆ ಮತ್ತೆ ಬರುತ್ತದೆ? ಅವುಗಳಲ್ಲಿ ಮೂರನ್ನು ಆರಿಸಿ. ಅವುಗಳ ಉದ್ದೇಶ ಮತ್ತು ವ್ಯಾಪ್ತಿಯ ಪುಟವನ್ನು ಓದಿ, ಕಳೆದ ಎರಡು ವರ್ಷಗಳ ಐದು ಲೇಖನಗಳನ್ನಾದರೂ ಪೂರ್ತಿ ಓದಿ. ನಮ್ಮ ಬಾವಿ ಅಧ್ಯಯನಕ್ಕಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ‘ಜರ್ನಲ್ ಆಫ್ ಅರ್ಥ್ ಸಿಸ್ಟಮ್ ಸೈನ್ಸ್’, 1932ರಿಂದ ಬರುತ್ತಿರುವ ‘ಕರೆಂಟ್ ಸೈನ್ಸ್’ ಇಂಥವನ್ನು ನೋಡಬಹುದು. ದೊಡ್ಡ ಹೆಸರಿನ ವಿದೇಶಿ ಜರ್ನಲ್‌ಗೇ ಮೊದಲು ಕಳುಹಿಸಬೇಕೆಂಬ ಹಟ ಬೇಡ. ವ್ಯಾಪ್ತಿಗೆ ಹೊರಗಿನ ಲೇಖನ ರಿವ್ಯೂವರ್‌ಗಳ ಕೈಗೇ ಹೋಗದೆ ಸಂಪಾದಕರ ಮೇಜಿನಿಂದಲೇ ಮರಳುತ್ತದೆ.

ಇಲ್ಲಿ ನಕಲಿ ಜರ್ನಲ್‌ಗಳ ಮಾತನ್ನು ಹೇಳಲೇಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಇ–ಮೇಲ್ ಬಂತು. ‘ತಮ್ಮ ಅಮೂಲ್ಯ ಲೇಖನ’ ಎಂಬ ಹೊಗಳಿಕೆ, ವಾರದೊಳಗೆ ಪ್ರಕಟಣೆಯ ಭರವಸೆ, ಜೊತೆಗೆ ಶುಲ್ಕ. ಎರಡು ವರ್ಷ ಕಷ್ಟಪಟ್ಟ ಕೆಲಸವನ್ನು ಕಳುಹಿಸಿದೆ. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಒಂದು ಅಕ್ಷರವೂ ತಿದ್ದಿರಲಿಲ್ಲ, ನನ್ನ ಕೋಷ್ಟಕದಲ್ಲಿದ್ದ ತಪ್ಪು ಕೂಡ ಹಾಗೆಯೇ ಅಚ್ಚಾಗಿತ್ತು. ಕೆಲವು ವರ್ಷಗಳ ಬಳಿಕ ಆ ತಾಣವೇ ಇಲ್ಲವಾಯಿತು. ಒಮ್ಮೆ ಪ್ರಕಟವಾದದ್ದನ್ನು ಬೇರೆಡೆಗೆ ಕಳುಹಿಸುವಂತಿಲ್ಲ. ಆ ಕೆಲಸ ಹೋಯಿತೆಂದೇ ಲೆಕ್ಕ. ನನ್ನ ಬಳಿ ಬರುವ ಪ್ರತಿ ವಿದ್ಯಾರ್ಥಿಗೂ ಇದನ್ನು ಹೇಳುತ್ತೇನೆ.

ಆದ್ದರಿಂದ ಪರೀಕ್ಷಿಸಿ. ಜರ್ನಲ್‌ಗಳ ಸೂಚಿಯಾದ ಸ್ಕೋಪಸ್‌ನಲ್ಲಿ ಇದೆ ಎಂದು ಜರ್ನಲ್ ಹೇಳಿಕೊಂಡರೆ ಸ್ಕೋಪಸ್‌ನ ಸ್ವಂತ ಪಟ್ಟಿಯಲ್ಲಿ ಹುಡುಕಿ. ಎಲ್ಲರಿಗೂ ಉಚಿತವಾಗಿ ತೆರೆದಿರುವ ಜರ್ನಲ್ ಆದರೆ ಡಿಒಎಜೆ ಎಂಬ ಸೂಚಿಯಲ್ಲಿ ನೋಡಿ. ಸಂಪಾದಕ ಮಂಡಳಿಯ ಇಬ್ಬರ ಹೆಸರನ್ನು ಅವರ ವಿಶ್ವವಿದ್ಯಾಲಯದ ಪುಟದಲ್ಲಿ ತಾಳೆ ಹಾಕಿ. ಐಎಸ್‌ಎಸ್‌ಎನ್ ಇದೆ ಎಂದು ನಂಬಿಬಿಡಬೇಡಿ. ಅದು ಪತ್ರಿಕೆಯನ್ನು ಗುರುತಿಸುವ ಎಂಟು ಅಂಕಿಗಳ ಸಂಖ್ಯೆ, ಗುಣಮಟ್ಟದ ಮುದ್ರೆಯಲ್ಲ. ಮೊದಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಕೇರ್ ಪಟ್ಟಿ, ಅಂದರೆ ಅದು ಒಪ್ಪಿದ ಜರ್ನಲ್‌ಗಳ ಪಟ್ಟಿ, ಇತ್ತು. 2025ರ ಫೆಬ್ರುವರಿಯಲ್ಲಿ ಯುಜಿಸಿ ಅದನ್ನು ಕೈಬಿಟ್ಟು, ಜರ್ನಲ್ ಆಯ್ಕೆಯ ಹೊಣೆಯನ್ನು ಸಂಸ್ಥೆಗಳಿಗೆ ಬಿಟ್ಟಿತು. ಮಹಾಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಯುಜಿಸಿಯ 2022ರ ನಿಯಮಗಳೇ ತೆಗೆದಿವೆ. ಆದರೆ ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನೆನ್ನುತ್ತದೆ ಎಂಬುದನ್ನು ಕಚೇರಿಯಲ್ಲಿ ಬರಹದಲ್ಲಿ ನೋಡಿ. ಗೆಳೆಯರ ಮಾತನ್ನು ನಂಬಿ ಕೂರಬೇಡಿ.

ಶುಲ್ಕ ಕೇಳುವ ಜರ್ನಲ್‌ಗಳೆಲ್ಲ ನಕಲಿಯಲ್ಲ. ಮುಕ್ತ ಪ್ರವೇಶದ ಒಳ್ಳೆಯ ಜರ್ನಲ್‌ಗಳಲ್ಲಿ ಲಕ್ಷ ರೂಪಾಯಿ ಮೀರುವ ಶುಲ್ಕವೂ ಇದೆ. ಚಂದಾ ಪದ್ಧತಿಯ ಜರ್ನಲ್‌ಗಳಲ್ಲಿ ಲೇಖಕರು ಸಾಮಾನ್ಯವಾಗಿ ಏನೂ ಕೊಡಬೇಕಾಗಿಲ್ಲ. ಸಂಶೋಧನಾ ವೇತನದಲ್ಲಿ ಬದುಕುವ ವಿದ್ಯಾರ್ಥಿ ಸಾಲ ಮಾಡಿ ಶುಲ್ಕ ಕಟ್ಟುವ ಅಗತ್ಯವೇ ಇಲ್ಲ. ಓದಲು ಜರ್ನಲ್‌ಗಳು ಸಿಗುವುದಿಲ್ಲ ಎಂಬ ತೊಂದರೆಯೂ ಈಗ ಕಡಿಮೆ: ಕೇಂದ್ರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಜರ್ನಲ್‌ಗಳು ತೆರೆದಿವೆ. ನಿಮ್ಮ ಗ್ರಂಥಪಾಲಕರನ್ನು ಕೇಳಿ.

ಬರೆಯುವ ಕ್ರಮ, ಓದುವ ಕ್ರಮವಲ್ಲ

ಲೇಖನ ಓದುವಾಗ ಮೊದಲು ಬರುವುದು ಶೀರ್ಷಿಕೆ, ಸಾರಾಂಶ, ಪೀಠಿಕೆ. ಬರೆಯುವಾಗ ಇವು ಕೊನೆಗೆ. ಮೊದಲು ಚಿತ್ರ, ಕೋಷ್ಟಕಗಳನ್ನು ಮೇಜಿನ ಮೇಲೆ ಹರಡಿ. ನಾಲ್ಕೈದು ಸಾಕು. ನೀವು ಕಂಡುಕೊಂಡದ್ದನ್ನು ಯಾವ ಚಿತ್ರ ತೋರಿಸುವುದಿಲ್ಲವೋ, ಅದನ್ನು ಮಾಡಲು ಎಷ್ಟೇ ದಿನ ಹಿಡಿದಿದ್ದರೂ ತೆಗೆಯಿರಿ. ಮಹಾಪ್ರಬಂಧದಲ್ಲಿ ಅದಕ್ಕೆ ಜಾಗವಿದೆ.

ಆಮೇಲೆ ವಿಧಾನದ ಭಾಗ. ನನ್ನ ಅನುಭವದಲ್ಲಿ ನಮ್ಮ ವಿದ್ಯಾರ್ಥಿಗಳು ಸೋಲುವುದು ಇಲ್ಲಿ. ‘ಬೇಸಿಗೆಯಲ್ಲಿ ಬಾವಿಗಳಿಂದ ನೀರಿನ ಮಾದರಿ ಸಂಗ್ರಹಿಸಲಾಯಿತು’ ಎಂದು ಬರೆದು ಮುಂದೆ ಹೋಗುತ್ತಾರೆ. ನಮಗೆ ಗೊತ್ತು, ಬಿಸು ಕಳೆದ ಮೇಲೆ ನೀರು ಹೇಗೆ ಇಳಿಯುತ್ತದೆ ಎಂದು. ಓದುವವರು ನಾರ್ವೆಯಲ್ಲಿ ಇರಬಹುದು. ಅವರ ಬೇಸಿಗೆಯೇ ಬೇರೆ. ಯಾವ ದಿನಾಂಕ? ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿ ಎಷ್ಟು ದಿನವಾಗಿತ್ತು? ಹಲಗೆಯ ಸಂದಿಯಲ್ಲಿ ಸೋರಿಕೆ ಇತ್ತೇ? ಉಬ್ಬರದ ಹೊತ್ತೋ ಇಳಿತದ ಹೊತ್ತೋ? ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರಕ್ಕೆ ಮಾದರಿ ತೆಗೆದ ದಿನ ಎಷ್ಟು ಹತ್ತಿರ? ಹೊಳೆಯಿಂದ ಬಾವಿಗೆ ಎಷ್ಟು ಮೀಟರ್, ಬಾವಿಯ ಆಳ ಎಷ್ಟು, ನೆಲ ಮುರಕಲ್ಲೋ ಹೊಯ್ಗೆಯೋ? ಪಂಪ್ ಚಾಲೂ ಇತ್ತೇ? ನೀರನ್ನು ಮೇಲಿನಿಂದ ಸೇದಿದಿರೋ ತಳದಿಂದ ತೆಗೆದಿರೋ? ಉಪ್ಪುನೀರು ಭಾರ, ತಳದಲ್ಲಿ ನಿಲ್ಲುತ್ತದೆ. ಆದ್ದರಿಂದ ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ನಿಮ್ಮ ಇಡೀ ಕೋಷ್ಟಕವೇ ಅಲುಗಾಡುತ್ತದೆ. ನಿಮ್ಮ ಬರಹವನ್ನಷ್ಟೇ ಹಿಡಿದು ಅಪರಿಚಿತರೊಬ್ಬರು ಅದೇ ಬಾವಿಗಳ ಬಳಿಗೆ ಹೋಗಿ, ಅದೇ ರೀತಿ ನೀರು ತೆಗೆಯಲು ಸಾಧ್ಯವೇ? ಸಾಧ್ಯವಾಗುವವರೆಗೆ ಬರೆಯಿರಿ.

ಫಲಿತಾಂಶದ ಭಾಗದಲ್ಲಿ ಕಂಡದ್ದನ್ನು ಮಾತ್ರ ಹೇಳಿ. ಏಕೆ ಹಾಗಾಯಿತು ಎಂಬುದು ಚರ್ಚೆಯ ಭಾಗಕ್ಕೆ. ಅಂಕಿಗೆ ಅಳತೆಗೋಲು ಇರಲಿ. ಕ್ಲೋರೈಡ್ ಲೀಟರ್‌ಗೆ ಇಷ್ಟು ಮಿಲಿಗ್ರಾಂ ಎಂದಾಗ, ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಹೇಳುವ ಮಿತಿ 250, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1,000 ಎಂಬುದನ್ನೂ ಹೇಳಿದರೆ ಓದುವವರಿಗೆ ಅರ್ಥವಾಗುತ್ತದೆ. ಚರ್ಚೆಯಲ್ಲಿ ನಿಮ್ಮ ಅಧ್ಯಯನದ ಮಿತಿಯನ್ನು ನೀವೇ ಮೊದಲು ಹೇಳಿ: ಒಂದೇ ಬೇಸಿಗೆ, ಒಂದೇ ಹೊಳೆ, ಬಾವಿಗಳು ಇಷ್ಟೇ. ಹೀಗೆ ಹೇಳಿದವರ ಮೇಲೆ ರಿವ್ಯೂವರ್‌ಗೆ ನಂಬಿಕೆ ಹುಟ್ಟುತ್ತದೆ. ಪೀಠಿಕೆ ಒಂದೂವರೆ ಪುಟ ಸಾಕು. ನೀರಿನ ಮಹತ್ವದಿಂದ ಆರಂಭಿಸಬೇಡಿ. ಅದು ಎಲ್ಲರಿಗೂ ಗೊತ್ತು. ಇಲ್ಲಿಯವರೆಗೆ ಏನು ತಿಳಿದಿದೆ, ಏನು ತಿಳಿದಿಲ್ಲ, ನೀವು ಕೇಳಿದ ಪ್ರಶ್ನೆ ಯಾವುದು ಎಂದಷ್ಟೇ ಹೇಳಿ. ಸಾರಾಂಶದಲ್ಲಿ ಕನಿಷ್ಠ ಒಂದು ಅಂಕಿಯಾದರೂ ಇರಬೇಕು.

ಪಾಡ್ದನ (ತುಳುವಿನ ಜನಪದ ಕಥನಗೀತೆ), ಭೂತಾರಾಧನೆ, ಶಾಸನಗಳ ಮೇಲೆ ಕೆಲಸ ಮಾಡುವವರಿಗೆ ಈ ಚೌಕಟ್ಟು ಹೊಂದದು. ಅಲ್ಲಿ ವಾದವೇ ಲೇಖನದ ಬೆನ್ನೆಲುಬು. ಆದರೆ ಅವರಿಗೂ ವಿಧಾನದ ಪ್ರಶ್ನೆ ಇದೆ: ಪಾಡ್ದನ ಹಾಡಿದವರು ಯಾರು, ಗದ್ದೆಯಲ್ಲಿ ನೇಜಿ ನೆಡುವಾಗ ಹಾಡಿದ್ದೋ, ನೀವು ಮೈಕ್ ಹಿಡಿದು ಹಾಡಿಸಿದ್ದೋ? ಇನ್ನೊಂದು, ಲಿಪ್ಯಂತರ. ತುಳು ಪದಗಳ ಕೊನೆಯ ಮೊಟಕು ಉಕಾರವನ್ನು ಒಂದು ಪುಟದಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ರೋಮನ್ ಲಿಪಿಯಲ್ಲಿ ಬರೆದರೆ ಭಾಷಾಶಾಸ್ತ್ರ ಬಲ್ಲ ರಿವ್ಯೂವರ್ ಅಲ್ಲೇ ನಿಂತುಬಿಡುತ್ತಾರೆ. ಪದಗಳ ರೂಪ, ಅರ್ಥಗಳಲ್ಲಿ ಸಂದೇಹ ಬಂದರೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ ತುಳು ನಿಘಂಟಿನ ಆರು ಸಂಪುಟಗಳು ಇಲ್ಲೇ ಇವೆ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ 1886ರಲ್ಲಿ ಅಚ್ಚಾದ ಮ್ಯಾನರ್‌ರ ನಿಘಂಟೂ ಇದೆ. ಒಂದು ಪದ್ಧತಿಯನ್ನು ಆರಿಸಿ, ಅದನ್ನು ಮೊದಲ ಟಿಪ್ಪಣಿಯಲ್ಲೇ ಹೇಳಿ, ಕೊನೆಯವರೆಗೂ ಅದನ್ನೇ ಪಾಲಿಸಿ.

ಹೆಸರು, ಒಪ್ಪಿಗೆ, ನಕಲು

ಯಾರ ಹೆಸರು ಮೊದಲು ಎಂಬುದನ್ನು ಗೈಡ್ ಜೊತೆ ಆರಂಭದಲ್ಲೇ ಮಾತನಾಡಿಕೊಳ್ಳಿ. ಸಂಕೋಚದಿಂದ ಮುಂದೂಡಿದರೆ ಕೊನೆಗೆ ಮನಸ್ತಾಪವೇ. ಕೆಲಸದಲ್ಲಿ ಪಾಲಿಲ್ಲದವರ ಹೆಸರನ್ನು ಗೌರವಕ್ಕೆಂದು ಸೇರಿಸಬಾರದು. ಕೆಲಸ ಮಾಡಿದವರ ಹೆಸರನ್ನು ಬಿಡಲೂಬಾರದು. ರೋಗಿಗಳ ಮೇಲಿನ ಅಧ್ಯಯನವಾದರೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಕೆಲಸ ಆರಂಭವಾಗುವ ಮುನ್ನ ಸಿಕ್ಕಿರಬೇಕು. ಹಿಂದಿನ ದಿನಾಂಕಕ್ಕೆ ಅದನ್ನು ಪಡೆಯಲಾಗದು. ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮಗಳು ಶೇ 10ರವರೆಗಿನ ಹೋಲಿಕೆಗೆ ದಂಡ ವಿಧಿಸುವುದಿಲ್ಲ. ಅದನ್ನು ಶೇ 10 ನಕಲು ಮಾಡುವ ಅನುಮತಿ ಎಂದು ಓದಿಕೊಂಡವರನ್ನು ಕಂಡು ನನಗೆ ನೋವಾಗಿದೆ. ಚಾಟ್‌ಜಿಪಿಟಿಯಂಥ ಸಾಧನ ಬಳಸಿದ್ದರೆ ಜರ್ನಲ್‌ನ ನಿಯಮ ನೋಡಿ ಎಲ್ಲಿ ಬಳಸಿದಿರಿ ಎಂದು ಹೇಳಿ. ಅವು ಕೊಡುವ ಆಕರಗಳಲ್ಲಿ ಇಲ್ಲದ ಲೇಖನಗಳೂ ಇರುತ್ತವೆ. ಕಣ್ಣಾರೆ ಓದದ ಯಾವುದನ್ನೂ ಉಲ್ಲೇಖಿಸಬೇಡಿ.

ಸಲ್ಲಿಕೆ

ಇದು ಒಂದು ಮಧ್ಯಾಹ್ನದ ಕೆಲಸ. ಜರ್ನಲ್‌ನ ಲೇಖಕರ ಸೂಚನೆಗಳನ್ನು ಪ್ರಿಂಟ್ ತೆಗೆದು ಒಂದೊಂದಕ್ಕೂ ಗುರುತು ಹಾಕುತ್ತಾ ಹೋಗಿ: ಪದಮಿತಿ, ಆಕರಗಳ ಶೈಲಿ, ಚಿತ್ರಗಳ ಸ್ಪಷ್ಟತೆ (ಸಾಮಾನ್ಯವಾಗಿ ಇಂಚಿಗೆ 300 ಚುಕ್ಕಿ). ಸಂಶೋಧಕರನ್ನು ಗುರುತಿಸುವ 16 ಅಂಕಿಗಳ ಓರ್ಕಿಡ್ (ORCID) ಸಂಖ್ಯೆಯನ್ನು ಉಚಿತವಾಗಿ ಮಾಡಿಕೊಳ್ಳಿ. ಹೆಸರು ಮುಚ್ಚಿಡುವ ಪದ್ಧತಿಯಾದರೆ ಕೃತಜ್ಞತೆಯ ಸಾಲುಗಳಿಂದಲೂ ಕಡತದ ವಿವರಗಳಿಂದಲೂ ನಿಮ್ಮ ಹೆಸರನ್ನು ತೆಗೆಯಿರಿ. ಸಂಪಾದಕರಿಗೆ ಬರೆಯುವ ಕವರ್ ಲೆಟರ್ ಅರ್ಧ ಪುಟ: ಏನು ಕಂಡಿರಿ, ಈ ಜರ್ನಲ್‌ನ ಓದುಗರಿಗೆ ಅದು ಏಕೆ ಬೇಕು, ಬೇರೆಲ್ಲೂ ಕಳುಹಿಸಿಲ್ಲ. ಈ ಕೊನೆಯ ಮಾತು ನಿಜವಾಗಿರಬೇಕು. ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಕಡೆಗೆ ಕಳುಹಿಸುವುದು ತಪ್ಪು. ಜೂನ್ ಜುಲೈಯಲ್ಲಿ ಸಲ್ಲಿಸುವವರು ಕಡತಗಳನ್ನೆಲ್ಲ ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಿ. ಗಾಳಿಮಳೆಗೆ ಕರೆಂಟ್ ಹೋದರೆ ಅರ್ಧ ತುಂಬಿದ ಅರ್ಜಿಯನ್ನು ಮತ್ತೆ ಮೊದಲಿನಿಂದ ತುಂಬಬೇಕಾದೀತು.

ಉತ್ತರ ಬಂದಾಗ

ತಿಂಗಳುಗಳು ಕಳೆಯುತ್ತವೆ. ಮೂರು ತಿಂಗಳ ಮೇಲೆ ಸಂಪಾದಕರಿಗೆ ವಿನಯದಿಂದ ಒಂದು ಸಾಲು ಬರೆದು ವಿಚಾರಿಸಬಹುದು. ‘ದೊಡ್ಡ ಪರಿಷ್ಕರಣೆ ಬೇಕು’ ಎಂಬ ಪತ್ರ ಬಂದರೆ ಅನೇಕರು ಕುಗ್ಗಿಹೋಗುತ್ತಾರೆ. ಅದು ಒಳ್ಳೆಯ ಸುದ್ದಿ: ಬಾಗಿಲು ಮುಚ್ಚಿಲ್ಲ. ಅಂದೇ ಉತ್ತರ ಬರೆಯಬೇಡಿ. ಎರಡು ದಿನ ಬಿಟ್ಟು, ಪ್ರತಿಯೊಂದು ಟೀಕೆಯನ್ನೂ ಇದ್ದ ಹಾಗೆಯೇ ನಕಲಿಸಿ, ಅದರ ಕೆಳಗೆ ಉತ್ತರ ಬರೆಯಿರಿ. ‘ಸರಿಪಡಿಸಲಾಗಿದೆ’ ಎಂದರೆ ಸಾಲದು. ‘ಉಬ್ಬರದ ಹೊತ್ತನ್ನು ಪರಿಗಣಿಸಿಲ್ಲ ಎಂಬ ಮಾತು ಸರಿ. ಪ್ರತಿ ಮಾದರಿಯ ದಿನಾಂಕ, ಗಂಟೆ, ಉಬ್ಬರದ ಎತ್ತರವನ್ನು 2ನೇ ಕೋಷ್ಟಕದಲ್ಲಿ ಸೇರಿಸಿದ್ದೇವೆ. ಪುಟ 6, ಸಾಲು 14’ ಎನ್ನಿ. ರಿವ್ಯೂವರ್ ತಪ್ಪು ತಿಳಿದಿದ್ದಾರೆ ಎನಿಸಿದರೆ ಒಪ್ಪಬೇಕಾಗಿಲ್ಲ. ಆಧಾರ ಕೊಟ್ಟು, ಗೌರವದಿಂದ ಹೇಳಿ. ಅವರಿಗೆ ಅರ್ಥವಾಗದ ಜಾಗ ಇತರರಿಗೂ ಅರ್ಥವಾಗದು ಎಂದುಕೊಂಡು ಆ ವಾಕ್ಯವನ್ನಂತೂ ತಿದ್ದಿ.

ತಿರಸ್ಕೃತವಾದರೆ, ಬಂದ ಟೀಕೆಗಳಂತೆ ತಿದ್ದಿ ನಿಮ್ಮ ಪಟ್ಟಿಯ ಎರಡನೆಯ ಜರ್ನಲ್‌ಗೆ ಕಳುಹಿಸಿ. ತಿದ್ದದೆ ಕಳುಹಿಸಬೇಡಿ, ಸಣ್ಣ ಕ್ಷೇತ್ರಗಳಲ್ಲಿ ಅದೇ ರಿವ್ಯೂವರ್ ಕೈಗೆ ಮತ್ತೆ ಸಿಗುವುದುಂಟು.

ಸ್ವೀಕೃತವಾದ ಮೇಲೆ ಕರಡು ಅಚ್ಚು ಬರುತ್ತದೆ, ತಿದ್ದಲು ಸಾಮಾನ್ಯವಾಗಿ ಎರಡು ಮೂರು ದಿನವಷ್ಟೇ ಸಮಯ. ಊರಿನ ಹೆಸರುಗಳು, ಕೋಷ್ಟಕದ ದಶಮಾಂಶಗಳು, ಲೇಖಕರ ಇನಿಶಿಯಲ್‌ಗಳನ್ನು ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿಸಿ ತಾಳೆ ನೋಡಿ. ಲೇಖನ ಹೊರಬಂದ ವಾರ, ನೀರು ಕೊಟ್ಟ ಮನೆಗಳಿಗೆ ಮತ್ತೆ ಹೋಗಿ. ಅವರವರ ಬಾವಿಯ ಅಂಕಿಗಳನ್ನು ತಿಂಗಳವಾರು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಕೊಡಿ, ಎಲ್ಲ ಬಾವಿಗಳ ಒಟ್ಟು ಪಟ್ಟಿಯ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಮುಂದಿನ ವರ್ಷ ಹಲಗೆ ಹಾಕುವ ಮುನ್ನ ಅದು ಅವರ ಕೈಯಲ್ಲಿರಲಿ.