ಟ್ರೇಲರ್ ಫ್ರಿಜ್ಜಿನ ಬೆನ್ನಿಗೆ ಎರಡು ಫ್ಯಾನ್

ಜುಲೈ ತಿಂಗಳ ಅರಿಜೋನಾದಲ್ಲಿ ಟ್ರಾವೆಲ್ ಟ್ರೇಲರಿನ, ಅಂದರೆ ಗಾಡಿಯ ಹಿಂದೆ ಎಳೆದೊಯ್ಯುವ ಪುಟ್ಟ ಮನೆಯ, ಫ್ರಿಜ್ ತಣ್ಣಗಾಗುವುದಿಲ್ಲ ಎಂದು ದೂರುವವರು ಬಹಳ. ಎಷ್ಟು ಡಿಗ್ರಿ ಇದೆ ಎಂದು ಕೇಳಿದರೆ ಉತ್ತರ ಕೊಡುವವರು ಕಡಿಮೆ. ನಾನು ಫೀನಿಕ್ಸ್ ಬಳಿಯ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಅಲ್ಲಿ ರಾಸಾಯನಿಕಗಳನ್ನು ಇಡುವ ಫ್ರಿಜ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು, ಅದನ್ನು ದಿನವೂ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಆ ಚಟ ನನ್ನ ಜೊತೆ ಟ್ರೇಲರಿಗೂ ಬಂದಿದೆ. ಹೀಗಾಗಿ ಫ್ಯಾನಿನ ವಿಷಯಕ್ಕೆ ಹೋಗುವ ಮೊದಲು ಥರ್ಮಾಮೀಟರ್ ಇಡಿಸುತ್ತೇನೆ.

ಎರಡು ಅಗ್ಗದ ಡಿಜಿಟಲ್ ಥರ್ಮಾಮೀಟರ್ ಸಾಕು. ಒಂದರ ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿ ಫ್ರಿಜ್ಜಿನ ನಡುವಿನ ಹಲಗೆಯ ಮೇಲೆ ಇಡಿ. ಬಾಗಿಲು ತೆಗೆದ ಕೂಡಲೇ ಒಳಗಿನ ಗಾಳಿ ಬಿಸಿಯಾಗಿ ಸುಳ್ಳು ಹೇಳುತ್ತದೆ; ಪಕ್ಕದಲ್ಲಿರುವ ಹಾಲು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಲೋಟದ ನೀರು ಹೆಚ್ಚು ನಂಬಿಕೆಯಿಂದ ತೋರಿಸುತ್ತದೆ. ಇನ್ನೊಂದನ್ನು ಹೊರಗೆ ನೆರಳಿನಲ್ಲಿ ತೂಗು ಹಾಕಿ. ಬೆಳಗ್ಗೆ ಎದ್ದ ಕೂಡಲೇ ಒಮ್ಮೆ, ಸಂಜೆ ನಾಲ್ಕರ ಸುಮಾರಿಗೆ ಒಮ್ಮೆ ಎರಡನ್ನೂ ಬರೆದಿಡಿ. ಅಮೆರಿಕದ ಆಹಾರ ಸುರಕ್ಷತೆಯ ಸಲಹೆಯಂತೆ ಫ್ರಿಜ್ 40 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಕೆಳಗಿರಬೇಕು. ಸೆಲ್ಸಿಯಸ್ ಲೆಕ್ಕದಲ್ಲಿ 4ರ ಆಸುಪಾಸು. ನಮ್ಮ ಟ್ರೇಲರಿನಲ್ಲಿ ಹೊರಗೆ 42 ಡಿಗ್ರಿ ಸೆಲ್ಸಿಯಸ್ ಇದ್ದ ಸಂಜೆ ಲೋಟದ ನೀರು 11 ತೋರಿಸುತ್ತಿತ್ತು, ಮರುದಿನ ಬೆಳಗಿನ ಹೊತ್ತಿಗೆ 5ಕ್ಕೆ ಇಳಿಯುತ್ತಿತ್ತು. ನಿಮಗೂ ಹೀಗೆಯೇ ಬಂದರೆ ಯಂತ್ರ ಕೆಟ್ಟಿಲ್ಲ, ಹಗಲಿನಲ್ಲಿ ಅದರ ಬೆನ್ನಿಗೆ ಗಾಳಿ ಸಾಲುತ್ತಿಲ್ಲ ಎಂದು ತಿಳಿಯಬಹುದು. ಫ್ಯಾನ್ ಉಪಯೋಗಕ್ಕೆ ಬರುವುದು ಇಂಥಲ್ಲಿ. ಬೆಳಗಿನ ಜಾವದ ತಂಪಿನಲ್ಲೂ 11 ಇದ್ದರೆ ಫ್ಯಾನಿಗೆ ಹಣ ಹಾಕುವ ಮೊದಲು ಬೇರೆ ಕಾರಣ ಹುಡುಕಿ. ಅವುಗಳನ್ನು ಕೊನೆಯಲ್ಲಿ ಹೇಳಿದ್ದೇನೆ.

ಈಗಿನ ಹೊಸ ಟ್ರೇಲರುಗಳಲ್ಲಿ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಬರುತ್ತಿದೆ. ಮನೆಯ ಫ್ರಿಜ್ಜಿನಂತೆ ಗುಂಯ್ ಎನ್ನುವ ಅವಕ್ಕೆ ಇಲ್ಲಿನ ಮಾತು ಅನ್ವಯಿಸುವುದಿಲ್ಲ. ನಾನು ಹೇಳುತ್ತಿರುವುದು ಗ್ಯಾಸ್ ಮತ್ತು ಕರೆಂಟ್ ಎರಡರಲ್ಲೂ ನಡೆಯುವ, ಸದ್ದೇ ಮಾಡದ ಅಬ್ಸಾರ್ಪ್ಷನ್ ಫ್ರಿಜ್ಜಿನ ಬಗ್ಗೆ. ಡೊಮೆಟಿಕ್, ನಾರ್‌ಕೋಲ್ಡ್ ಹೆಸರಿನವು ಹೆಚ್ಚಾಗಿ ಈ ಬಗೆಯವು. ಟ್ರೇಲರಿನ ಹೊರಗೋಡೆಯ ಕೆಳಭಾಗದಲ್ಲಿ ಒಂದು ಜಾಲರಿ, ಅದರ ನೇರಕ್ಕೆ ಛಾವಣಿಯ ಮೇಲೆ ಒಂದು ಮುಚ್ಚಳ ಅಥವಾ ಗೋಡೆಯಲ್ಲೇ ಎರಡನೆಯ ಜಾಲರಿ ಕಂಡರೆ ನಿಮ್ಮದೂ ಅದೇ.

ಇದರೊಳಗೆ ಮೋಟಾರ್ ಇಲ್ಲ. 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್, ರೂಪಿಸಿದ ಉಪಾಯ ಇದು. ಕೆಳಗಿನ ಜ್ವಾಲೆ ಅಥವಾ ಹೀಟರ್ ನೀರಿನಲ್ಲಿ ಕರಗಿರುವ ಅಮೋನಿಯಾವನ್ನು ಕುದಿಸಿ ಬೇರ್ಪಡಿಸುತ್ತದೆ. ಆ ಆವಿ ಮೇಲೇರಿ, ರೆಕ್ಕೆಗಳಿರುವ ಕೊಳವೆಯಲ್ಲಿ ಶಾಖ ಬಿಟ್ಟುಕೊಟ್ಟು ದ್ರವವಾಗುತ್ತದೆ. ಬಳಿಕ ಹೈಡ್ರೋಜನ್ ಇರುವ ಕೊಳವೆಯಲ್ಲಿ ಮತ್ತೆ ಆವಿಯಾಗುವಾಗ ನಮ್ಮ ಮೊಸರು, ತರಕಾರಿಗಳ ಶಾಖವನ್ನು ಎಳೆದುಕೊಳ್ಳುತ್ತದೆ. ಕೆಳಗಿನ ಸುರುಳಿಯಲ್ಲಿ ನೀರು ಅದನ್ನು ಪುನಃ ಹೀರಿಕೊಂಡು ಜ್ವಾಲೆಯ ಬಳಿಗೆ ಒಯ್ಯುತ್ತದೆ. ಮೇಲಿನ ರೆಕ್ಕೆಯ ಕೊಳವೆ, ಕೆಳಗಿನ ಸುರುಳಿ ಎರಡೂ ಫ್ರಿಜ್ಜಿನ ಬೆನ್ನಿಗಿವೆ, ಎರಡಕ್ಕೂ ತಂಪು ಗಾಳಿ ಬೇಕು. ನಮ್ಮ ಊರಿನ ಅಡುಗೆಮನೆಯ ಹೊಗೆಗೂಡಿನ ಹಾಗೆ ಬಿಸಿ ಗಾಳಿ ತಾನಾಗಿಯೇ ಮೇಲೆ ಹೋಗಿ ಕೆಳಗಿನ ಜಾಲರಿಯಿಂದ ಹೊಸ ಗಾಳಿಯನ್ನು ಎಳೆಯಬೇಕು. ಹೊರಗಿನ ಗಾಳಿಯೇ 42 ಡಿಗ್ರಿ ಇದ್ದು, ಪಡುವಣ ಬಿಸಿಲು ಗೋಡೆಗೆ ಹೊಡೆಯುತ್ತಿದ್ದರೆ ಆ ಎಳೆತ ಸೋಲುತ್ತದೆ. ಬಿಸಿ ಗಾಳಿ ಫ್ರಿಜ್ಜಿನ ತಲೆಯ ಮೇಲೆ ಗುಡ್ಡೆ ಹಾಕಿಕೊಂಡು ಕೂರುತ್ತದೆ. ಫ್ಯಾನಿನ ಕೆಲಸ ಅದನ್ನು ಎಬ್ಬಿಸಿ ಹೊರಗೆ ಕಳಿಸುವುದಷ್ಟೇ.

ಬೇಕಾಗುವ ಸಾಮಾನು: ಕಂಪ್ಯೂಟರಿಗೆ ಹಾಕುವ 12 ವೋಲ್ಟಿನ, 120 ಮಿಲಿಮೀಟರ್ ಅಗಲದ ಎರಡು ಫ್ಯಾನ್. ಬಾಲ್ ಬೇರಿಂಗ್ ಇರುವುದನ್ನೇ ಕೊಳ್ಳಿ, ಬಿಸಿಯಲ್ಲಿ ಬಾಳಿಕೆ ಹೆಚ್ಚು. ಛಾವಣಿಯಿಂದ ಮಳೆನೀರು ಸಿಡಿಯುವ ಜಾಗವಾದ್ದರಿಂದ ನೀರು ತಡೆಯುವ ಬಗೆ ಸಿಕ್ಕರೆ ಇನ್ನೂ ಒಳ್ಳೆಯದು, ಬೆಲೆ ಸ್ವಲ್ಪ ಹೆಚ್ಚು. ಬಿಸಿಯಾದಾಗ ತಾನೇ ಕೂಡಿಕೊಳ್ಳುವ ಒಂದು ಥರ್ಮಲ್ ಸ್ವಿಚ್, 2 ಆಂಪಿಯರಿನ ಫ್ಯೂಸ್ ಮತ್ತು ಅದರ ಹೋಲ್ಡರ್, 18 ಗೇಜಿನ ತಂತಿ, ಅಲ್ಯೂಮಿನಿಯಂ ಪಟ್ಟಿ, ಅಲ್ಯೂಮಿನಿಯಂ ಟೇಪು. ಒಂದು ಮಲ್ಟಿಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಶುರು ಮಾಡುವ ಮೊದಲು ಫ್ರಿಜ್ ಆರಿಸಿ, ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ, ಹೊರಗಿನ ಕರೆಂಟ್ ಕೇಬಲ್ ತೆಗೆದು, ಬ್ಯಾಟರಿಯ ಸಂಪರ್ಕ ಕಡಿಯಿರಿ. ಬೆನ್ನಿನ ಕೊಳವೆಗಳು ಆರಲು ಒಂದೆರಡು ಗಂಟೆ ಬಿಡಿ. ಈ ಹೊತ್ತಿನಲ್ಲಿ ಕೆಳಗಿನ ಜಾಲರಿ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆ, ಕಣಜದ ಮಣ್ಣುಗೂಡು, ಒಣಗಿದ ಎಲೆ ಇದ್ದರೆ ಮೆದು ಬ್ರಷ್ ಹಿಡಿದು ತೆಗೆಯಿರಿ. ಕೆಲವರಿಗೆ ಇಷ್ಟರಲ್ಲೇ ಫ್ರಿಜ್ ಸುಧಾರಿಸುವುದುಂಟು.

ಟಾರ್ಚ್ ಬೆಳಕಿನಲ್ಲಿ ನೋಡಬೇಕಾದ ಇನ್ನೊಂದು ವಿಷಯ, ಸುರುಳಿ ಕೊಳವೆಗೂ ಹೊರಗೋಡೆಗೂ ನಡುವೆ ಎಷ್ಟು ಜಾಗ ಇದೆ ಎಂಬುದು. ಇದು ಒಂದು ಅಂಗುಲದೊಳಗೆ ಇರಬೇಕು. ಟ್ರೇಲರ್ ಕಟ್ಟುವವರು ಹಲವು ಸಲ ಮೂರು ನಾಲ್ಕು ಅಂಗುಲ ಖಾಲಿ ಬಿಟ್ಟಿರುತ್ತಾರೆ. ಗಾಳಿಗೆ ಸುಲಭದ ದಾರಿ ಸಿಕ್ಕರೆ ಅದು ಕೊಳವೆಗಳನ್ನು ಮುಟ್ಟದೆ ಗೋಡೆಯ ಪಕ್ಕದಿಂದ ಹಾಗೆಯೇ ಮೇಲೆ ಹೋಗಿಬಿಡುತ್ತದೆ. ಅಲ್ಲಿ ಎಷ್ಟು ದೊಡ್ಡ ಫ್ಯಾನ್ ಹಾಕಿದರೂ ಪ್ರಯೋಜನ ಅರ್ಧವೇ. ತೆಳು ಅಲ್ಯೂಮಿನಿಯಂ ತಗಡನ್ನು ಬಗ್ಗಿಸಿ ಗೋಡೆಯ ಕಡೆಗೆ ಕೂರಿಸಿ, ಗಾಳಿಯನ್ನು ಕೊಳವೆಗಳ ಕಡೆಗೆ ತಳ್ಳಿ. ಜ್ವಾಲೆಯ ಬಿಸಿ ಹೊಗೆ ಮೇಲೆ ಹೋಗುವ ಹೊಗೆ ಕೊಳವೆಯ ಸುತ್ತ ಮಾತ್ರ ಏನನ್ನೂ ಹತ್ತಿರ ತರಬೇಡಿ; ಫೋಮ್, ಪ್ಲಾಸ್ಟಿಕ್ ಅಂತೂ ಬೇಡವೇ ಬೇಡ. ನನ್ನನ್ನು ಕೇಳಿದರೆ ಫ್ಯಾನಿಗಿಂತ ಈ ತಗಡೇ ಮುಖ್ಯ. ಆದರೆ ತಗಡು ತಿರುಗುವುದಿಲ್ಲ, ಸದ್ದು ಮಾಡುವುದಿಲ್ಲ, ಬಂದವರಿಗೆ ತೋರಿಸಲು ಏನೂ ಇರುವುದಿಲ್ಲ. ಹಾಗಾಗಿ ಯಾರೂ ಅದರ ಮಾತೆತ್ತುವುದಿಲ್ಲ.

ಫ್ಯಾನುಗಳ ಜಾಗ ಮೇಲೆ. ಛಾವಣಿಯ ಮುಚ್ಚಳದ ಸ್ಕ್ರೂ ಬಿಚ್ಚಿದರೆ ಕೆಳಗೆ ರೆಕ್ಕೆಗಳಿರುವ ಕೊಳವೆ ಕಾಣುತ್ತದೆ. ಎರಡೂ ಫ್ಯಾನುಗಳನ್ನು ಅಲ್ಯೂಮಿನಿಯಂ ಪಟ್ಟಿಗೆ ಅಕ್ಕಪಕ್ಕ ಬಿಗಿದು, ರೆಕ್ಕೆಗಳಿಗಿಂತ ಒಂದೆರಡು ಅಂಗುಲ ಮೇಲೆ, ಗಾಳಿ ಆಕಾಶದ ಕಡೆಗೆ ಹೋಗುವಂತೆ ಕೂರಿಸಿ. ಬಹುತೇಕ ಫ್ಯಾನುಗಳ ಪಕ್ಕದಲ್ಲಿ ಗಾಳಿಯ ದಿಕ್ಕಿನ ಬಾಣದ ಗುರುತು ಇರುತ್ತದೆ. ಹೊಗೆ ಕೊಳವೆಯಿಂದ ಬರುವ ಗಾಳಿ ಪ್ಲಾಸ್ಟಿಕ್ಕನ್ನು ಕರಗಿಸುವಷ್ಟು ಬಿಸಿ, ಅದರ ನೇರಕ್ಕೆ ಫ್ಯಾನ್ ಬರದಿರಲಿ. ಕೆಳಗಿನ ಜಾಲರಿಯ ಬಳಿ ಬರ್ನರ್ ಇರುವುದರಿಂದ ಅಲ್ಲಿ ಫ್ಯಾನ್ ಇಟ್ಟು ಒಳಗೆ ಊದುವುದನ್ನು ನಾನು ಒಪ್ಪುವುದಿಲ್ಲ. ಜ್ವಾಲೆ ಅಲುಗುತ್ತದೆ, ಆರಲೂಬಹುದು.

ಟ್ರೇಲರ್ ನಿಂತ ಮೇಲೆ ಗೋಡೆ ಸಮೇತ ಹೊರಕ್ಕೆ ಜಾರುವ ಕೋಣೆಯಲ್ಲಿ ಫ್ರಿಜ್ ಇದ್ದರೆ ಛಾವಣಿಯಲ್ಲಿ ಮುಚ್ಚಳ ಇರುವುದಿಲ್ಲ, ಮೇಲಿನ ಜಾಲರಿಯೂ ಗೋಡೆಯಲ್ಲೇ. ಮೇಲೇರಿದ ಗಾಳಿ ತಿರುವು ತೆಗೆದುಕೊಂಡು ಹೊರಬರಬೇಕಾದ್ದರಿಂದ ಈ ಟ್ರೇಲರುಗಳ ಗೋಳು ಹೆಚ್ಚು. ಫ್ಯಾನುಗಳನ್ನು ಮೇಲಿನ ಜಾಲರಿಯ ಹಿಂದೆ ಹೊರಮುಖವಾಗಿ ಇಟ್ಟು, ಫ್ರಿಜ್ಜಿನ ತಲೆಯ ಮೇಲಿನ ಖಾಲಿ ಜಾಗವನ್ನು ಬಾಗಿದ ತಗಡಿನಿಂದ ಮುಚ್ಚಿದರೆ ಗಾಳಿ ಅಲ್ಲಿ ಸಿಕ್ಕಿಕೊಳ್ಳದೆ ಹೊರಗೆ ಜಾರುತ್ತದೆ.

ಇನ್ನು ತಂತಿ. ಕೆಳಗಿನ ಜಾಲರಿಯ ಒಳಗೆ, ಫ್ರಿಜ್ಜಿನ ಸರ್ಕ್ಯೂಟ್ ಬೋರ್ಡಿಗೆ ಬರುವ 12 ವೋಲ್ಟಿನ ಎರಡು ತಂತಿಗಳಿವೆ. ಯಾವುದು ಧನ, ಯಾವುದು ಋಣ ಎಂದು ಬಣ್ಣ ನೋಡಿ ಊಹಿಸಬೇಡಿ. ಬ್ಯಾಟರಿಯನ್ನು ಕ್ಷಣಕಾಲ ಜೋಡಿಸಿ ಮೀಟರಿನಿಂದ ಅಳೆದು, ಗುರುತು ಹಾಕಿ, ಮತ್ತೆ ಕಡಿಯಿರಿ. ಅದೇ ಜಾಗದಲ್ಲಿ 120 ವೋಲ್ಟಿನ ತಂತಿಗಳೂ ಇರುತ್ತವೆ, ಅವುಗಳ ತಂಟೆಗೆ ಹೋಗಬೇಡಿ. ಧನ ತಂತಿಯಿಂದ ಮೊದಲು ಫ್ಯೂಸ್, ಆಮೇಲೆ ಥರ್ಮಲ್ ಸ್ವಿಚ್, ಆಮೇಲೆ ಎರಡೂ ಫ್ಯಾನುಗಳು ಸಮಾಂತರವಾಗಿ, ಅಲ್ಲಿಂದ ಋಣಕ್ಕೆ. ಕಂಪ್ಯೂಟರ್ ಫ್ಯಾನಿನಲ್ಲಿ ಮೂರು ನಾಲ್ಕು ತಂತಿಗಳಿದ್ದರೆ ಎರಡೇ ಬೇಕಾಗುವುದು. ಮಿಕ್ಕವು ವೇಗ ಅಳೆಯಲು, ನಿಯಂತ್ರಿಸಲು ಇರುವಂಥವು, ತುದಿಗೆ ಟೇಪ್ ಸುತ್ತಿ ಬಿಡಿ. ಬಣ್ಣದ ಪದ್ಧತಿ ಕಂಪನಿಯಿಂದ ಕಂಪನಿಗೆ ಬೇರೆ, ಪೊಟ್ಟಣದ ಮೇಲಿನ ಚಿತ್ರ ನೋಡಿ. ತಂತಿ ಎಲ್ಲೂ ಹೊಗೆ ಕೊಳವೆಯನ್ನಾಗಲಿ ಬರ್ನರ್ ಪೆಟ್ಟಿಗೆಯನ್ನಾಗಲಿ ತಾಗಬಾರದು. ಟ್ರೇಲರಿನ ಒಳಗಿನಿಂದ ತಂತಿ ತರಲು ರಂಧ್ರ ಕೊರೆದರೆ ಅದನ್ನು ಪೂರ್ತಿ ಮುಚ್ಚಿ. ಜ್ವಾಲೆಯ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು, ಅದು ನೀವು ಮಲಗುವ ಜಾಗಕ್ಕೆ ಬರಬಾರದು.

ಥರ್ಮಲ್ ಸ್ವಿಚ್ ಇಲ್ಲದೆ ಮಾಮೂಲಿ ಸ್ವಿಚ್ ಹಾಕಿದರೂ ನಡೆಯುತ್ತದೆ ಎನ್ನುವವರಿದ್ದಾರೆ. ಕ್ಯಾಂಪ್‌ಗ್ರೌಂಡಿನ ಕರೆಂಟಿಗೆ ಸಿಕ್ಕಿಸಿಕೊಂಡಿದ್ದರೆ ನಡೆಯುತ್ತದೆ. ಕರೆಂಟ್ ಸಂಪರ್ಕವಿಲ್ಲದ ಕ್ವಾರ್ಟ್ಸ್‌ಸೈಟಿನ ಮರುಭೂಮಿ ಬಯಲಿನಂಥ ಕಡೆ, ಬ್ಯಾಟರಿಯನ್ನೇ ನಂಬಿಕೊಂಡಾಗ ಲೆಕ್ಕ ಬೇರೆ. ಒಂದೊಂದು ಫ್ಯಾನ್ 0.2 ಆಂಪಿಯರ್ ಎಳೆದರೆ ಎರಡಕ್ಕೆ 0.4; ಇಡೀ ದಿನಕ್ಕೆ ಸುಮಾರು 10 ಆಂಪಿಯರ್-ಗಂಟೆ. 100 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಯಲ್ಲಿ ಅರ್ಧದಷ್ಟನ್ನು ಮಾತ್ರ ಬಳಸಬೇಕು ಎಂಬುದನ್ನು ನೆನೆದರೆ ಐದರಲ್ಲೊಂದು ಪಾಲು ಫ್ಯಾನಿಗೇ ಹೋಯಿತು. 45 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕೂಡಿಕೊಳ್ಳುವ ಸ್ವಿಚ್ಚನ್ನು ಮೇಲಿನ ರೆಕ್ಕೆಗೆ ಅಲ್ಯೂಮಿನಿಯಂ ಟೇಪಿನಿಂದ ಅಂಟಿಸಿದರೆ ರಾತ್ರಿ ತಂಪಾದಾಗ ಫ್ಯಾನ್ ತಾನೇ ನಿಲ್ಲುತ್ತದೆ. ಬಿಸಿಗೆ ಬಿಟ್ಟುಕೊಳ್ಳುವ ಸ್ವಿಚ್ಚುಗಳೂ ನೋಡಲು ಹೀಗೆಯೇ ಇರುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಸಿನೀರಿನ ಲೋಟಕ್ಕೆ ಇಳಿಸಿ, ಮೀಟರಿನಲ್ಲಿ ಸಂಪರ್ಕ ಕೂಡುವುದನ್ನು ಕಣ್ಣಾರೆ ನೋಡಿದ ಮೇಲೆ ಜೋಡಿಸಿ.

ಎಲ್ಲ ಮುಗಿದ ಮೇಲೆ ಗ್ಯಾಸ್ ಮುಚ್ಚಿಯೇ ಇಟ್ಟು, ಫ್ಯಾನಿಗೆ ಮಾತ್ರ ಕರೆಂಟ್ ಕೊಡಿ. ಥರ್ಮಲ್ ಸ್ವಿಚ್ ತಣ್ಣಗಿರುವುದರಿಂದ ಅದರ ಎರಡು ತುದಿಗಳನ್ನು ಒಂದು ತುಂಡು ತಂತಿಯಿಂದ ತಾತ್ಕಾಲಿಕವಾಗಿ ಸೇರಿಸಬೇಕಾಗುತ್ತದೆ. ಕೆಳಗಿನ ಜಾಲರಿಯ ಹೊರಗೆ ಒಂದು ಊದುಬತ್ತಿ ಹಿಡಿಯಿರಿ. ಹೊಗೆ ನೆಟ್ಟಗೆ ಒಳಕ್ಕೆ ಎಳೆದುಕೊಂಡರೆ ಸರಿ. ಹೊರಕ್ಕೆ ಬಂದರೆ ಫ್ಯಾನ್ ತಿರುವು ಮುರುವಾಗಿದೆ.

ಒಳಗಿನ ಫ್ಯಾನ್ ಸಣ್ಣ ವಿಷಯ. ಫ್ರಿಜ್ಜಿನ ಒಳಗೋಡೆಯಲ್ಲಿರುವ ಅಲ್ಯೂಮಿನಿಯಂ ರೆಕ್ಕೆಗಳ ಹತ್ತಿರ ತಣ್ಣಗೆ, ಬಾಗಿಲಿನ ಕಡೆ ಬೆಚ್ಚಗೆ ಇರುವುದನ್ನು ಸರಿಗಟ್ಟಲು ಬ್ಯಾಟರಿಯಿಂದ ನಡೆಯುವ ಪುಟ್ಟ ಫ್ಯಾನ್ ಸಿಗುತ್ತದೆ. ಅದನ್ನು ಕೆಳಗಿನ ಹಲಗೆಯ ಮೇಲೆ, ಗಾಳಿ ರೆಕ್ಕೆಗಳ ಕಡೆ ಹೋಗುವಂತೆ ಇಟ್ಟರೆ ಆಯಿತು. ಹೊಸದಾಗಿ ಇಟ್ಟ ಪದಾರ್ಥ ಬೇಗ ತಣಿಯುತ್ತದೆ. ಆದರೆ ಬೆನ್ನಿನ ಶಾಖ ಹೊರಹೋಗದಿದ್ದರೆ ಒಳಗಿನ ಫ್ಯಾನ್ ಇರುವ ತಂಪನ್ನು ಹಂಚುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಅಗ್ಗಕ್ಕೆ ಸಿಗುತ್ತದೆಂದು ಎಲ್ಲರೂ ಇದನ್ನೇ ಮೊದಲು ಕೊಳ್ಳುತ್ತಾರೆ. ರೆಕ್ಕೆಗೆ ಸಿಕ್ಕಿಸಿರುವ ಸಣ್ಣ ತಾಪಮಾನ ಸಂವೇದಕವನ್ನು ಸ್ವಲ್ಪ ಮೇಲೆ ಸರಿಸಿದರೆ ಕೆಲವು ಮಾದರಿಗಳಲ್ಲಿ ಫ್ರಿಜ್ ಇನ್ನಷ್ಟು ತಣ್ಣಗಾಗುತ್ತದೆ, ಇದಕ್ಕೆ ಖರ್ಚೂ ಇಲ್ಲ.

ಒಂದು ಬದಲಾವಣೆ ಮಾಡಿದ ಮೇಲೆ ಒಂದು ಇಡೀ ದಿನ ಬಿಟ್ಟು ಅಳೆಯಿರಿ. ಈ ಫ್ರಿಜ್ ನಿಧಾನಸ್ಥ. ಖಾಲಿ ಇದ್ದಾಗಲೂ ತಣ್ಣಗಾಗಲು ಹಲವು ಗಂಟೆ ತೆಗೆದುಕೊಳ್ಳುತ್ತದೆ. ತಗಡು, ಬೆನ್ನಿನ ಫ್ಯಾನ್, ಒಳಗಿನ ಫ್ಯಾನ್ ಎಲ್ಲವನ್ನೂ ಒಂದೇ ಭಾನುವಾರ ಹಾಕಿದರೆ ಕೆಲಸ ಮಾಡಿದ್ದು ಯಾವುದೆಂದು ಗೊತ್ತಾಗುವುದಿಲ್ಲ. ನನ್ನ ಪುಸ್ತಕದ ಪ್ರಕಾರ ತಗಡು ಸಂಜೆಯ 11 ಡಿಗ್ರಿಯನ್ನು 8ಕ್ಕೆ ತಂದಿತು, ಬೆನ್ನಿನ ಫ್ಯಾನುಗಳು 5ಕ್ಕೆ. ಉಳಿದ ಒಂದು ಡಿಗ್ರಿಗೆ ನಮ್ಮ ಯಜಮಾನರು ಟ್ರೇಲರ್ ನಿಲ್ಲಿಸುವ ರೀತಿ ಬದಲಿಸಬೇಕಾಯಿತು: ಫ್ರಿಜ್ಜಿನ ಗೋಡೆ ಉತ್ತರಕ್ಕೆ, ಬಾಗಿಲಿನಿಂದ ಕಾಣುವ ನೋಟ ಹೇಗಾದರೂ ಇರಲಿ. ಅವರಿಗೆ ಪೊವೆಲ್ ಸರೋವರ ಕಾಣುವಂತೆ ನಿಲ್ಲಿಸುವ ಆಸೆ. ನನಗೆ ದೋಸೆ ಹಿಟ್ಟು ಡಬ್ಬಿಯ ಮುಚ್ಚಳ ಎತ್ತಿಕೊಂಡು ಉಕ್ಕಬಾರದು ಎಂಬ ಆಸೆ.

ಫ್ಯಾನಿನಿಂದ ಸರಿಹೋಗದ ಸಂಗತಿಗಳೂ ಇವೆ. ಟ್ರೇಲರ್ ಓರೆಯಾಗಿ ನಿಂತಿದ್ದರೆ ಒಳಗಿನ ದ್ರವ ಹರಿಯದೆ ಜ್ವಾಲೆಯ ಬಳಿ ನಿಂತು ಅತಿಯಾಗಿ ಕಾಯುತ್ತದೆ, ಯಂತ್ರ ಶಾಶ್ವತವಾಗಿ ಹಾಳಾಗುತ್ತದೆ. ರಸಮಟ್ಟವನ್ನು ಫ್ರೀಜರಿನ ನೆಲದ ಮೇಲೆ ಇಟ್ಟು ನೋಡಿ. ಅಕ್ಕಪಕ್ಕಕ್ಕೆ 3 ಡಿಗ್ರಿ, ಹಿಂದೆ ಮುಂದೆ 6 ಡಿಗ್ರಿಗಿಂತ ಹೆಚ್ಚು ವಾಲಿರಬಾರದು ಎಂಬುದು ಸಾಮಾನ್ಯ ಮಿತಿ. ಫೀನಿಕ್ಸಿನಿಂದ, ಸಮುದ್ರಮಟ್ಟಕ್ಕಿಂತ ಸುಮಾರು 7,000 ಅಡಿ ಎತ್ತರದ ಫ್ಲ್ಯಾಗ್‌ಸ್ಟಾಫಿಗೆ ಹತ್ತಿದಾಗ ಗಾಳಿ ತೆಳುವಾಗಿ ಗ್ಯಾಸ್ ಜ್ವಾಲೆ ಸೊರಗುತ್ತದೆ, ಅಲ್ಲಿ ಕರೆಂಟ್ ಇದ್ದರೆ ಕರೆಂಟಿನಲ್ಲೇ ನಡೆಸಿ. ಬಾಗಿಲಿನ ರಬ್ಬರಿನ ನಡುವೆ ಡಾಲರ್ ನೋಟು ಇಟ್ಟು ಮುಚ್ಚಿದಾಗ ಸುಲಭವಾಗಿ ಜಾರಿ ಬಂದರೆ ರಬ್ಬರ್ ಬದಲಿಸಿ. ಪ್ರಯಾಣದ ಹಿಂದಿನ ರಾತ್ರಿಯೇ ಮನೆಯ ಕರೆಂಟಿಗೆ ಹಚ್ಚಿ ಫ್ರಿಜ್ ತಣಿಸಿ, ಆಗಲೇ ತಣ್ಣಗಿರುವ ಪದಾರ್ಥಗಳನ್ನೇ ತುಂಬಿ. ಬಿಸಿ ಸಾರಿನ ಪಾತ್ರೆಯನ್ನು ಹಾಗೆಯೇ ಒಳಗಿಡುವವರಿಗೆ ಯಾವ ಫ್ಯಾನೂ ಸಹಾಯ ಮಾಡಲಾರದು.

ಬೆನ್ನಿನ ಕೊಳವೆಗಳ ಮೇಲೆ ಹಳದಿ ಪುಡಿ ಕಂಡರೆ ಅಥವಾ ಮೂಗಿಗೆ ಅಮೋನಿಯಾದ ಘಾಟು ಬಂದರೆ ಫ್ರಿಜ್ ಆರಿಸಿ, ಗ್ಯಾಸ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ. ಆ ಪುಡಿ ಕೊಳವೆ ತುಕ್ಕು ಹಿಡಿಯದಿರಲೆಂದು ಒಳಗೆ ಹಾಕಿದ ಕ್ರೋಮೇಟ್, ವಿಷಕಾರಿ, ಬರಿಗೈಯಲ್ಲಿ ಮುಟ್ಟಬೇಡಿ. ಕೊಳವೆ ಸೋರಿದ ಮೇಲೆ ಹಿಂಬದಿಯ ಕೂಲಿಂಗ್ ಯೂನಿಟ್ಟನ್ನೇ ಬದಲಿಸಬೇಕು. ಅದಕ್ಕೆ ಕೇಳುವ ಬೆಲೆಯನ್ನು ಹೊಸ ಫ್ರಿಜ್ಜಿನ ಬೆಲೆಯ ಜೊತೆ ಇಟ್ಟು ನೋಡಿಯೇ ಒಪ್ಪಿಕೊಳ್ಳಿ.