'ಗೆಟ್' ಅಂದರೆ ಬರೀ 'ಪಡೆ' ಅಲ್ಲ

ಇಂಗ್ಲಿಷ್ ಕಲಿಯುತ್ತಿರುವವರಿಗೆ ಒಂದು ಸಲಹೆ. 'ಗೆಟ್' ಅಂದರೆ 'ಪಡೆ' ಅಂತ ಸುಮ್ನೆ ಬಾಯಿಪಾಠ ಮಾಡಬೇಡಿ. ಅದಾದ ಮೇಲೆ ಯಾವ ಪದ ಬಂದಿದೆ ನೋಡಿ. ಅರ್ಥ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ವಸ್ತುವಿನ ಹೆಸರು ಬಂದರೆ ಸಾಮಾನ್ಯವಾಗಿ ಸಿಗುವುದು ಅಥವಾ ತರುವುದು. 'ಐ ಗಾಟ್ ಎ ಲೆಟರ್', ನನಗೆ ಪತ್ರ ಬಂತು. ಗುಣ ಹೇಳುವ ಪದ ಬಂದರೆ 'ಆಗು'. 'ಇಟ್ಸ್ ಗೆಟಿಂಗ್ ಡಾರ್ಕ್', ಕತ್ತಲಾಗುತ್ತಿದೆ. 'ಟು' ಜೊತೆ ಜಾಗದ ಹೆಸರಿದ್ದರೆ ತಲುಪುವುದು. ಆದರೆ ಹೋಮ್, ಹಿಯರ್, ದೇರ್ ಜೊತೆ 'ಟು' ಬೇಡ. 'ಗೆಟ್ ಹೋಮ್' ಅಂದರೆ ಸಾಕು.

ಜಾಸ್ತಿ ಗಮನ ಬೇಕಾದ್ದು ಇನ್ನೊಂದು ಬಳಕೆಗೆ. ಕನ್ನಡದಲ್ಲಿ ಮಾಡಿಸು, ಹೊಲಿಸು, ತೊಳೆಸು ಅಂತೀವಲ್ವಾ? ಆ 'ಇಸು' ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ 'ಗೆಟ್' ಮಾಡುತ್ತದೆ. 'ಐ ರಿಪೇರ್ಡ್ ಮೈ ಫೋನ್' ಅಂದರೆ ನೀವೇ ಕೂತು ರಿಪೇರಿ ಮಾಡಿದಿರಿ ಅಂತ ಕೇಳುವವರು ತಿಳಿಯುತ್ತಾರೆ. ಬೇರೆಯವರ ಕೈಲಿ ಮಾಡಿಸಿದ್ದರೆ 'ಐ ಗಾಟ್ ಮೈ ಫೋನ್ ರಿಪೇರ್ಡ್' ಅನ್ನಿ. ಮೊದಲು ಗೆಟ್, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ. ಈ ಕ್ರಮ ತಪ್ಪಿದರೆ ವಾಕ್ಯವೇ ತಪ್ಪಾಗುತ್ತದೆ. ಯಾರ ಕೈಲಿ ಮಾಡಿಸಿದಿರಿ ಅಂತ ಹೇಳಬೇಕಾದರೆ 'ಟು' ಸೇರಿಸಿ: 'ಐ ಗಾಟ್ ಹಿಮ್ ಟು ರಿಪೇರ್ ಇಟ್'. ನೀವು ಈ ವಾರ ಮಾಡಿಸಿದ ಕೆಲಸಗಳನ್ನೇ ಹೀಗೆ ಹೇಳಿ ನೋಡಿ, ಬೇಗ ನಾಲಿಗೆಗೆ ಹತ್ತುತ್ತದೆ.

'ಐ ಡೋಂಟ್ ಗೆಟ್ ಇಟ್' ಅಂದರೆ ನನಗೆ ಅರ್ಥ ಆಗ್ತಿಲ್ಲ ಅಂತ. ಮಾತಿನಲ್ಲಿ ಇದೆಲ್ಲ ಧಾರಾಳವಾಗಿ ಬಳಸಿ. ಅರ್ಜಿ, ಆಫೀಸಿನ ಪತ್ರಗಳಲ್ಲಿ ಮಾತ್ರ ರಿಸೀವ್, ಬಿಕಮ್, ಅರೈವ್ ಚೆನ್ನಾಗಿ ಒಪ್ಪುತ್ತವೆ.