ಪದ್ಮಿನಿಗೆ ಮರುಜೀವ: ಬಣ್ಣ ಕೊನೆಗೆ, ತಗಡು ಮೊದಲು

ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಕೂತ ಹಳೇ ಪ್ರೀಮಿಯರ್ ಪದ್ಮಿನಿಯನ್ನು ಮತ್ತೆ ರಸ್ತೆಗಿಳಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಬಣ್ಣ ಹೊಡೆಸುತ್ತಾರೆ. ಹಣ ಪೋಲಾಗುವುದೇ ಅಲ್ಲಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲ ಕೆಳಗೆ ಗುಳ್ಳೆ ಏಳುತ್ತದೆ, ಬೆರಳಲ್ಲಿ ಒತ್ತಿದರೆ ಪುಟ್ಟಿ ಉದುರುತ್ತದೆ, ಒಳಗೆ ತಗಡೇ ಇರುವುದಿಲ್ಲ. ಬಿಡುವಿನ ಹವ್ಯಾಸವಾಗಿ ಭಾನುವಾರ ಮಾತ್ರ ಕೆಲಸ ಮಾಡುವವರು ಒಂದೂವರೆ, ಎರಡು ವರ್ಷ ಹಿಡಿಯುತ್ತದೆಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಆ ಅವಧಿಯಲ್ಲಿ ಬಣ್ಣದ ಸರದಿ ಕೊನೆಯದು.

ಕಲಿಯಲು ಈ ಕಾರು ಒಳ್ಳೆಯದು. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಬಂದು, 1974ರಲ್ಲಿ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡ ಈ ಗಾಡಿಯಲ್ಲಿ 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಒಂದು ಕಾರ್ಬುರೇಟರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಕಂಪ್ಯೂಟರ್ ಹಚ್ಚಿ ನೋಡಬೇಕಾದ್ದು ಯಾವುದೂ ಇಲ್ಲ. ಮುಂಬೈಯಲ್ಲಿ 2023ರ ಅಕ್ಟೋಬರ್‌ವರೆಗೂ ಟ್ಯಾಕ್ಸಿಯಾಗಿ ಓಡಿದ್ದರಿಂದ ಬಿಡಿಭಾಗಗಳ ಹರಿವು ಪೂರ್ತಿ ನಿಂತಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬ್ರೇಕ್, ಕ್ಲಚ್ ಸಾಮಾನು ವಿಚಾರಿಸಿ. ಕ್ರೋಮ್ ಪಟ್ಟಿ, ಬಾಗಿಲ ಹಿಡಿ, ಮೀಟರಿನಂಥವಕ್ಕೆ ಗುಜರಿ ಅಂಗಡಿ ತಿರುಗಬೇಕು. ಆದ್ದರಿಂದ ಕೊಳ್ಳುವಾಗಲೇ ಎಂಜಿನ್ ಕೆಟ್ಟಿದ್ದರೂ ಸರಿ, ಕ್ರೋಮ್ ಮತ್ತು ಗಾಜು ಪೂರ್ತಿ ಇರುವ ಗಾಡಿಯನ್ನು ಆರಿಸಿ. ಎಂಜಿನ್ ರಿಪೇರಿ ಲೇತ್ ಶಾಪಿನಲ್ಲಿ ಆಗುತ್ತದೆ, ಒಡೆದ ಗ್ರಿಲ್ ಆಗುವುದಿಲ್ಲ.

ಮುಂಗಡ ಕೊಡುವ ಮೊದಲು ಚಾಸಿ ಮತ್ತು ಎಂಜಿನ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಅಚ್ಚನ್ನು ಆರ್‌ಸಿ ಜೊತೆ ಹೋಲಿಸಿ. ಒಂದಂಕಿ ಬೇರೆಯಾದರೂ ಬಿಟ್ಟುಬನ್ನಿ. ಚಾಸಿ ನಂಬರ್ ತಾಳೆಯಾಗದ ಗಾಡಿಗೆ ಆರ್‌ಟಿಒದಲ್ಲಿ ದಾರಿ ಸಿಗುವುದು ಬಲು ಕಷ್ಟ.

ತುಕ್ಕಿನ ಲೆಕ್ಕ

ಈ ಕಾರಿಗೆ ಜೀಪಿನಂತೆ ಬೇರೆ ಚಾಸಿ ಇಲ್ಲ. ತಗಡಿನ ಮೈಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಡಬ್ಬಿಯಂಥ ಹಲಗೆ, ಅಂದರೆ ಸಿಲ್, ಕೊಳೆತರೆ ಕಾರು ನಡುವಿನಲ್ಲಿ ಬಗ್ಗುತ್ತದೆ. ಪರೀಕ್ಷೆ ಸುಲಭ. ಒಂದು ಆಯಸ್ಕಾಂತವನ್ನು ತೆಳ್ಳನೆಯ ಬಟ್ಟೆಯಲ್ಲಿ ಸುತ್ತಿ ಸಿಲ್‌ನುದ್ದಕ್ಕೂ ಎಳೆಯಿರಿ. ಹಿಡಿತ ಸಡಿಲವಾದಲ್ಲಿ ಪುಟ್ಟಿ ಇದೆ. ಬಳಿಕ ಮ್ಯಾಟ್ ಎತ್ತಿ, ಚಾಲಕನ ಕಾಲಡಿ, ಬ್ಯಾಟರಿ ಕೆಳಗಿನ ತಟ್ಟೆ, ಡಿಕ್ಕಿಯ ಮೂಲೆಗಳು, ಹಿಂದಿನ ಕಮಾನು ಪಟ್ಟಿ ಮೈಗೆ ಕೂರುವ ಜಾಗ, ಇಷ್ಟನ್ನೂ ಸ್ಕ್ರೂಡ್ರೈವರಿನಿಂದ ಜೋರಾಗಿ ಚುಚ್ಚಿ. ಟಣ್ ಎಂದರೆ ಒಳ್ಳೆಯದು. ದಬ್ ಎಂದು ಒಳಗಿಳಿದರೆ ಕತ್ತರಿಸಬೇಕು. ಕಾರವಾರ, ಉಡುಪಿ ಕಡೆಯ ಗಾಡಿ ಉಪ್ಪುಗಾಳಿಗೆ ಕೆಳಗಿನಿಂದ ತಿಂದುಹೋಗಿರುತ್ತದೆ. ಬಳ್ಳಾರಿ, ಕಲಬುರಗಿ ಕಡೆಯದರಲ್ಲಿ ತಗಡು ಗಟ್ಟಿ, ಆದರೆ ರಬ್ಬರೆಲ್ಲ ಬಿಸಿಲಿಗೆ ಬಿರಿದಿರುತ್ತದೆ. ಎರಡರಲ್ಲಿ ಎರಡನೆಯದನ್ನೇ ಕೊಳ್ಳಿ.

ಟಿಂಕರಿಂಗ್ ಮಾಡುವಾಗ ಎರಡು ಮಾತು ಮರೆಯಬೇಡಿ. ಸಿಲ್ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಒಳಗಿನಿಂದ ಕಬ್ಬಿಣದ ಪೈಪು ಅಡ್ಡ ಬೆಸೆದು ಆಕಾರ ಹಿಡಿದಿಡಬೇಕು. ಬಾಗಿಲನ್ನು ಮತ್ತೆ ಮತ್ತೆ ಹಾಕಿ, ಮುಚ್ಚಿ, ಸಂದು ನೋಡುತ್ತಿರಬೇಕು. ಇದನ್ನು ಬಿಟ್ಟರೆ ಹೊಸ ಸಿಲ್ ಬೆಸೆದ ಮೇಲೆ ಬಾಗಿಲು ಮುಚ್ಚುವುದೇ ಇಲ್ಲ, ಮಾಡಿದ್ದೆಲ್ಲ ಬಿಚ್ಚಬೇಕು. ಇನ್ನೊಂದು, ಗ್ಯಾಸ್ ವೆಲ್ಡಿಂಗ್ ಬೇಡ, ತಗಡು ಅಪ್ಪಳದಂತೆ ಸುಕ್ಕಾಗುತ್ತದೆ. 0.8 ಮಿ.ಮೀ. ತಂತಿಯ ಮಿಗ್ ವೆಲ್ಡಿಂಗ್‌ನಲ್ಲಿ ಎರಡು ಸೆಂ.ಮೀ. ಬೆಸೆದು, ಬೇರೆ ಕಡೆ ಹೋಗಿ, ಅದು ತಣಿದ ಮೇಲೆ ಮರಳಿ ಬನ್ನಿ. ನೆಲಕ್ಕೂ ಸಿಲ್‌ಗೂ 18 ಗೇಜ್, ಹೊರಮೈಗೆ 20 ಗೇಜ್ ತಗಡು ಸಾಕು. ಬೆಸೆದ ಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೋಟ್. ಸಿಲ್ ಒಳಗೆ ಮೇಣದಂಥ ತುಕ್ಕುನಿರೋಧಕ ಸಿಂಪಡಿಸಿ. ಕೆಳಗಿನ ನೀರಿನ ತೂತುಗಳನ್ನು ಮುಚ್ಚಬಾರದು. ಟಿಂಕರ್‌ಗಳು ಅಂದಕ್ಕಾಗಿ ಮುಚ್ಚುವುದುಂಟು, ಮುಂದಿನ ತುಕ್ಕು ಅಲ್ಲಿಂದಲೇ ಹುಟ್ಟುತ್ತದೆ.

ಎಂಜಿನ್‌ಗೂ ಮೊದಲು ಬ್ರೇಕ್

ಹಳೆಯ ಮಾದರಿಗಳಲ್ಲಿ ಬ್ರೇಕಿಗೆ ಒಂದೇ ಸರ್ಕ್ಯೂಟ್. ಎಲ್ಲಿ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಮಾಸ್ಟರ್ ಸಿಲಿಂಡರ್ ಮತ್ತು ಚಕ್ರದ ಸಿಲಿಂಡರ್‌ಗಳನ್ನು ಬಿಚ್ಚಿ ಒಳಗೋಡೆಗೆ ಉಗುರು ಆಡಿಸಿ. ಗುಳಿ ತಾಗಿದರೆ ಬರೀ ರಬ್ಬರ್ ವಾಷರುಗಳ ಕಿಟ್ ಹಾಕಿ ಪ್ರಯೋಜನವಿಲ್ಲ, ಸಿಲಿಂಡರನ್ನೇ ಬದಲಿಸಿ. ರಬ್ಬರ್ ಹೋಸ್‌ಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಉಬ್ಬಿರುತ್ತವೆ. ಪೆಡಲ್ ಬಿಟ್ಟ ಮೇಲೂ ಒಂದು ಚಕ್ರ ಹಿಡಿದುಕೊಂಡು ಡ್ರಮ್ ಬಿಸಿಯಾದರೆ ಅನುಮಾನ ಮೊದಲು ಹೋಸ್ ಮೇಲಿರಲಿ. ಹೊಸ ಡಾಟ್ 3 ಬ್ರೇಕ್ ಎಣ್ಣೆ ಹಾಕಿ, ದೂರದ ಚಕ್ರದಿಂದ ಗಾಳಿ ತೆಗೆಯಿರಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ತಪ್ಪಿಯೂ ಎಂಜಿನ್ ಆಯಿಲ್ ತಾಗಿಸಬೇಡಿ, ವಾಷರುಗಳು ಉಬ್ಬಿ ಇಡೀ ಕೆಲಸ ಮರಳಿ ಮೊದಲಿಗೆ ಬರುತ್ತದೆ.

ಮಲಗಿದ ಎಂಜಿನ್ ಎಬ್ಬಿಸುವುದು

ವರ್ಷಗಟ್ಟಲೆ ನಿಂತ ಎಂಜಿನ್‌ಗೆ ಬ್ಯಾಟರಿ ಕೊಟ್ಟು ನೇರ ಸೆಲ್ಫ್ ಹೊಡೆಯಬೇಡಿ. ಪಿಸ್ಟನ್ ರಿಂಗು ತುಕ್ಕಿಗೆ ಅಂಟಿದ್ದರೆ ಸಿಲಿಂಡರ್ ಗೋಡೆ ಗೀರಿ ಬೋರಿಂಗ್ ಖರ್ಚು ತಲೆಮೇಲೆ ಬೀಳುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೆ ಎರಡು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಸುಮ್ಮನಿರಿ. ಬಳಿಕ ಟಾಪ್ ಗೇರಿಗೆ ಹಾಕಿ ಕಾರನ್ನು ಕೈಯಿಂದ ಮೆಲ್ಲಗೆ ಹಿಂದೆ ಮುಂದೆ ತಳ್ಳಿ. ತಿರುಗಿದರೆ ಹಳೇ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, 20ಡಬ್ಲ್ಯು-50 ದರ್ಜೆಯ ಹೊಸ ಆಯಿಲ್ ಹಾಕಿ. ಪ್ಲಗ್ ಇಲ್ಲದೆಯೇ ಸೆಲ್ಫ್ ತಿರುಗಿಸಿ. ಆಯಿಲ್ ದೀಪ ಆರಿದ ಮೇಲಷ್ಟೇ ಪ್ಲಗ್ ಹಾಕಿ. ತಿರುಗದಿದ್ದರೆ ಬಲ ಹಾಕದೆ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಇಳಿಸಿ.

ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಯುವಾಗ ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಒಂದು ಮಾತ್ರ ಉಳಿದವಕ್ಕಿಂತ ಶೇ 15ಕ್ಕೂ ಹೆಚ್ಚು ಕಡಿಮೆ ತೋರಿದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗು ಸವೆದಿದೆ. ಹಾಗೆಯೇ ಇದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಒಟ್ಟಿಗೆ ಕಡಿಮೆಯಾದರೆ ಗ್ಯಾಸ್ಕೆಟ್ ಎಂದೇ ತಿಳಿಯಿರಿ. ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಒಮ್ಮೆ ನೀರು ಕುದಿದರೆ ಹೆಡ್ ಬಾಗಬಹುದು. ಇಳಿಸಿದಾಗ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ಆಡಿಸಿ, ಸಂದು ಕಂಡರೆ ಲೇತಿಗೆ ಕೊಡಿ. ಫೈರಿಂಗ್ ಕ್ರಮ, ಅಂದರೆ ಸಿಲಿಂಡರುಗಳಲ್ಲಿ ಕಿಡಿ ಹೊತ್ತುವ ಸರದಿ, 1-3-4-2. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ಸಂದು ಸುಮಾರು 0.4 ಮಿ.ಮೀ. ಇರಲಿ.

ಈಗಿನ ದೊಡ್ಡ ತಲೆನೋವು ಪೆಟ್ರೋಲ್. ಬಂಕಿನಲ್ಲಿ ಸಿಗುವುದರಲ್ಲಿ ಶೇ 20ರಷ್ಟು ಎಥೆನಾಲ್. ಅದು ಹಳೇ ರಬ್ಬರನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವ ಎಳೆದು ಟ್ಯಾಂಕಿನ ತಳದಲ್ಲಿ ನೀರು ಕೂಡಿಸುತ್ತದೆ. ಪೆಟ್ರೋಲ್ ಹೋಸ್ ಎಲ್ಲವನ್ನೂ ಎಸ್‌ಎಇ ಜೆ30 ಆರ್9 ಎಂದು ಅಚ್ಚಾದದ್ದಕ್ಕೆ ಬದಲಿಸಿ. ಪೆಟ್ರೋಲ್ ಪಂಪಿನ ಡಯಾಫ್ರಮ್ ಹೊಸದಿರಲಿ. ಅದು ಹರಿದರೆ ಪೆಟ್ರೋಲ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿ, ಮೂಸಿದರೆ ಪೆಟ್ರೋಲ್ ವಾಸನೆ ಬಂದರೆ ಆ ಕ್ಷಣವೇ ಎಂಜಿನ್ ಆರಿಸಿ. ಟ್ಯಾಂಕ್ ತೂತಾಗಿದ್ದರೆ ಮನೆಯಲ್ಲಿ ವೆಲ್ಡಿಂಗ್ ಬೇಡವೇ ಬೇಡ, ಖಾಲಿ ಟ್ಯಾಂಕಿನ ಆವಿಯೇ ಸಿಡಿಯುತ್ತದೆ. ಬೇಸಿಗೆಯಲ್ಲಿ ಆವಿ ಕಟ್ಟಿ ಕಾರು ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಹಳೇ ಡ್ರೈವರುಗಳ ಉಪಾಯ ಇಂದಿಗೂ ನಡೆಯುತ್ತದೆ.

ಸ್ಟೀರಿಂಗ್ ಪಕ್ಕದ ಗೇರ್ ಬಿಗಿಯಾದರೆ ಗೇರ್‌ಬಾಕ್ಸ್ ಇಳಿಸಲು ಅವಸರಿಸಬೇಡಿ. ಬಹುಪಾಲು ತಪ್ಪು ಕೆಳಗಿನ ಸಲಾಕೆಗಳ ಸವೆದ ಬುಷ್‌ಗಳದ್ದು.

ಬಣ್ಣ, ಬದಲಾವಣೆ

ಎನ್‌ಸಿ (ನೈಟ್ರೊಸೆಲ್ಯುಲೋಸ್) ಬಣ್ಣವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಡೆಸಬೇಡಿ, ತೇವಕ್ಕೆ ಬಿಳಿ ಮಂಜು ಕಟ್ಟುತ್ತದೆ. ಪಿಯು (ಪಾಲಿಯುರೆಥೇನ್) ಬಣ್ಣ ಬಾಳಿಕೆ ಬರುತ್ತದೆ, ಆದರೆ ಅದರ ಗಟ್ಟಿಕಾರಕದಲ್ಲಿ ಶ್ವಾಸಕೋಶಕ್ಕೆ ಹಾನಿಯಾಗುವ ಐಸೊಸೈನೇಟ್ ಇರುತ್ತದೆ. ಬಾಯಿಗೆ ಕರ್ಚೀಫು ಕಟ್ಟಿ ಅಂಗಳದಲ್ಲಿ ಹೊಡೆಯುವ ಕೆಲಸ ಅದಲ್ಲ, ಪೇಂಟ್ ಬೂತಿಗೆ ಕೊಡಿ. ಪುಟ್ಟಿ 2 ಮಿ.ಮೀ. ದಾಟಬಾರದು. ಬಣ್ಣವೇ ಬೇರೆಯಾದರೆ ಆರ್‌ಸಿಯಲ್ಲಿ ನಮೂದಾಗಬೇಕು.

ನಿಮ್ಮ ಇಷ್ಟದ ಬದಲಾವಣೆಗಳು ಬೋಲ್ಟು ಬಿಚ್ಚಿದರೆ ಹಿಂದಕ್ಕೆ ಬರುವಂತಿರಲಿ. ಸೀಟ್ ಬೆಲ್ಟ್, ಎಲೆಕ್ಟ್ರಾನಿಕ್ ಇಗ್ನಿಷನ್, ಹೆಡ್‌ಲೈಟಿಗೆ ಎರಡು 30 ಆಂಪಿಯರ್ ರಿಲೇ ಮೊದಲ ಪಟ್ಟಿಯಲ್ಲಿರಲಿ. ರಿಲೇ ಹಾಕಿದರೆ ಸ್ವಿಚ್ ಸುಡುವುದು ನಿಲ್ಲುತ್ತದೆ, ಬೆಳಕೂ ಹೆಚ್ಚುತ್ತದೆ. ಕಳಚಿದ ಮೂಲ ಭಾಗಗಳಿಗೆ ಚೀಟಿ ಅಂಟಿಸಿ ಡಬ್ಬದಲ್ಲಿಡಿ. ಎಂಜಿನನ್ನೇ ಬೇರೆ ಕಾರಿನದು ಕೂರಿಸುವ ಆಸೆಯಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ: ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡಿಗೆ ಅದು ಅಡ್ಡ ಬರುತ್ತದೆ, ಎಂಜಿನ್ ಬದಲಿಗೆ ಆರ್‌ಟಿಒ ಒಪ್ಪಿಗೆ ಮೊದಲೇ ಬೇಕು. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ‘ವಿಎ’ ಅಕ್ಷರದ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಅದನ್ನು ದಿನನಿತ್ಯ ಓಡಿಸುವಂತಿಲ್ಲ. ಭಾನುವಾರ ಬೆಳಿಗ್ಗೆ ತಿಂಡಿಗೆಂದು ಹೊರಡುವವರಿಗೆ ಮಾಮೂಲಿ ನೋಂದಣಿಯ ನವೀಕರಣವೇ ಮೇಲು.

ಜೋಡಿಸುವಾಗ ಅರ್ಥಿಂಗ್ ತಂತಿ ಕೂರುವ ಜಾಗಗಳಲ್ಲಿ ಹೊಸ ಬಣ್ಣವನ್ನು ಕೆರೆದು ಲೋಹ ಕಾಣಿಸಬೇಕು. ಹೊಳೆಯುವ ಕಾರಿನಲ್ಲಿ ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಮಿಣುಕುವುದು ಇದನ್ನು ಮರೆತದ್ದಕ್ಕೆ. ಹೆಡ್ ಇಳಿಸಿದ್ದರೆ 500 ಕಿ.ಮೀ. ಓಡಿದ ಮೇಲೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಅದರ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ಬಿಗಿ ಮಾಡಿ, ಅದೇ ದಿನ ಆಯಿಲನ್ನೂ ಬದಲಿಸಿ.